ಮುಖದಲ್ಲಿ ಕಾಣದ ಭಾವ: ಸ್ಕಿಜೋಫ್ರೀನಿಯಾ ಕುರಿತು ಒಂದು ಟಿಪ್ಪಣಿ

"ಅಜ್ಜಿ ತೀರಿಕೊಂಡಾಗಲೂ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ ಸಾರ್, ಇವನಿಗೆ ಏನೂ ಅನ್ನಿಸೋದೇ ಇಲ್ಲ." ಸ್ಕಿಜೋಫ್ರೀನಿಯಾ ಇರುವವರ ಮನೆಯವರು ವೈದ್ಯರ ಮುಂದೆ ಹೇಳಿಕೊಳ್ಳುವ ದೂರು ಹೆಚ್ಚುಕಡಿಮೆ ಈ ಧಾಟಿಯದು. ಇದರಲ್ಲಿ ಮೊದಲರ್ಧ ಕಂಡದ್ದು, ಉಳಿದರ್ಧ ಊಹಿಸಿದ್ದು. ಮನೋವೈದ್ಯಶಾಸ್ತ್ರವೂ ಬಹುಕಾಲ ಇವೆರಡನ್ನು ಬಿಡಿಸಿ ನೋಡಲಿಲ್ಲ. ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 1911ರ ತಮ್ಮ ಗ್ರಂಥದಲ್ಲಿ ಭಾವದ ಮಂಕುತನವನ್ನು ಕಾಯಿಲೆಯ ಮೂಲ ಲಕ್ಷಣಗಳ ಸಾಲಿಗೆ ಸೇರಿಸಿದ ಮೇಲೆ, ಅಲುಗದ ಮುಖವೆಂದರೆ ಬತ್ತಿದ ಮನಸ್ಸು ಎಂಬ ಓದು ಗಟ್ಟಿಯಾಗಿ ನಿಂತುಬಿಟ್ಟಿತು.

ಅದನ್ನು ಅಲುಗಾಡಿಸಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆ್ಯನ್ ಕ್ರಿಂಗ್, ಜಾನ್ ನೀಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳು. ವಿಧಾನ ಸರಳ. ನಗು, ದುಃಖ, ಭಯ ಹುಟ್ಟಿಸುವ ಚಲನಚಿತ್ರದ ತುಣುಕುಗಳನ್ನು ರೋಗಿಗಳಿಗೂ ಆರೋಗ್ಯವಂತರಿಗೂ ತೋರಿಸುವುದು. ನೋಡುತ್ತಿರುವಾಗ ಮುಖವನ್ನು ಚಿತ್ರೀಕರಿಸುವುದು. ಮುಗಿದ ಮೇಲೆ ಏನನ್ನಿಸಿತೆಂದು ಕೇಳುವುದು. 1996ರ ವರದಿಯಲ್ಲಿ ಮೂರನೆಯ ಅಳತೆಯೂ ಸೇರಿತು: ಅಂಗೈಯ ಬೆವರಿನಿಂದ ಬದಲಾಗುವ ಚರ್ಮದ ವಿದ್ಯುದ್ವಾಹಕತೆ. ರೋಗಿಗಳ ಮುಖ ಕಡಿಮೆ ಆಡಿತು. ಆದರೆ ಅವರು ಹೇಳಿಕೊಂಡ ಭಾವ ಉಳಿದವರಿಗಿಂತ ಕಡಿಮೆಯಿರಲಿಲ್ಲ. ಚರ್ಮದ ಪ್ರತಿಕ್ರಿಯೆಯಂತೂ ಅವರಲ್ಲೇ ಹೆಚ್ಚಿತ್ತು. ಇಲ್ಲೊಂದು ಎಚ್ಚರಿಕೆ ಬೇಕು. ಬೆವರು ಉದ್ರೇಕದ ಪ್ರಮಾಣವನ್ನಷ್ಟೇ ತಿಳಿಸುತ್ತದೆ, ಅದು ಯಾವ ಭಾವವೆಂದು ತಿಳಿಸುವುದಿಲ್ಲ. ರೋಗಿಯ ಒಳಗಿದ್ದುದು ಸಂತೋಷವೇ, ತಳಮಳವೇ ಎಂಬುದಕ್ಕೆ ಕೊನೆಗೂ ಅವರ ಮಾತನ್ನೇ ನಂಬಬೇಕು.

ಎದುರಿನವರ ಮುಖ ಓದುವ ವಿಷಯದಲ್ಲಿ ಮಾತ್ರ ಕೊರತೆ ನಿಜ, ಅದು ಮತ್ತೆ ಮತ್ತೆ ಸಾಬೀತಾಗಿದೆ. ನನಗೆ ಮುಖ್ಯವೆನಿಸುವುದು ತಪ್ಪುಗಳ ಸಂಖ್ಯೆಗಿಂತ ಅವುಗಳ ದಿಕ್ಕು: ಯಾವ ಭಾವವೂ ಇಲ್ಲದ ಮುಖದಲ್ಲಿ ಭಯವನ್ನೋ ಅಸಹ್ಯವನ್ನೋ ಕಾಣುವ ಒಲವು. ಸುಮ್ಮನೆ ಊಟ ಬಡಿಸುತ್ತಿರುವ ಅಮ್ಮನ ಮುಖದಲ್ಲಿ ತಿರಸ್ಕಾರ ಕಂಡರೆ ತಟ್ಟೆ ತಳ್ಳಿ ಎದ್ದುಹೋಗುವುದು ಭಾವಹೀನತೆಯ ಗುರುತೇ? ಮುಖದ ಭಾವ ಗುರುತಿಸುವ ಪರೀಕ್ಷೆಗಳಿಗೆ ಪಾಶ್ಚಾತ್ಯರ ಮುಖಚಿತ್ರಗಳನ್ನೇ ಬಳಸಿದರೆ ನಮ್ಮಲ್ಲಿ ಬಂದ ತಪ್ಪು ಕಾಯಿಲೆಯದೋ, ಅಪರಿಚಿತ ಮುಖದ್ದೋ ಹೇಳಲಾಗದು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2008ರಲ್ಲಿ ಪ್ರಕಟಿಸಿದ 'ಟ್ರೆಂಡ್ಸ್' ಎಂಬ ಪರೀಕ್ಷಾ ಸಾಧನದಲ್ಲಿ ಭಾರತೀಯ ನಟರ ಸ್ಥಿರಚಿತ್ರಗಳ ಜೊತೆಗೆ ವಿಡಿಯೊ ತುಣುಕುಗಳೂ ಇರುವುದು ಈ ಕಾರಣಕ್ಕೆ ಬೆಲೆಯುಳ್ಳದ್ದು.

ಔಷಧದ ಪಾತ್ರವನ್ನೂ ಮರೆಯುವಂತಿಲ್ಲ. ಈ ಕಾಯಿಲೆಗೆ ಕೊಡುವ ಮೊದಲ ಆಧುನಿಕ ಔಷಧವಾದ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದದ್ದು 1952ರಲ್ಲಿ. ಬ್ಲಾಯ್ಲರ್ ಮಂಕುತನವನ್ನು ಕಂಡದ್ದು ಅದಕ್ಕೂ ನಾಲ್ಕು ದಶಕ ಮೊದಲು. ಹಾಗಾಗಿ ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟಲಾಗದು. ಆದರೆ ಹ್ಯಾಲೊಪೆರಿಡಾಲ್‌ನಂಥ ಔಷಧಗಳು ಪಾರ್ಕಿನ್‌ಸನ್ ಕಾಯಿಲೆಯ ಹಾಗೆ ಮುಖವನ್ನು ಬಿಗಿಯಾಗಿಸುವುದೂ ಉಂಟು. ನಡೆಯುವಾಗ ತೋಳು ಬೀಸುತ್ತಿದೆಯೇ, ಮಣಿಕಟ್ಟು ಬಿಗಿದಿದೆಯೇ ಎಂದು ನೋಡದೆ ಕೇಸ್ ಶೀಟಿನಲ್ಲಿ 'ಭಾವಶೂನ್ಯ' ಎಂದು ಬರೆಯುವುದು ಅವಸರವಾದೀತು.

ಇನ್ನು ಸುಖದ ಮಾತು. ಡೇವಿಡ್ ಗಾರ್ಡ್, ಕ್ರಿಂಗ್ ಮತ್ತಿತರರು 2007ರಲ್ಲಿ ಕೈಯಲ್ಲಿರುವ ಕ್ಷಣದ ಸುಖವನ್ನು ಮುಂದಿನದರ ನಿರೀಕ್ಷೆಯ ಸುಖದಿಂದ ಬೇರ್ಪಡಿಸಿ ನೋಡಿದರು. ಮೊದಲನೆಯದು ರೋಗಿಗಳಲ್ಲಿ ಬಹುಮಟ್ಟಿಗೆ ಉಳಿದಿತ್ತು, ಕುಗ್ಗಿದ್ದು ಎರಡನೆಯದು. ನಂತರದ ಅಧ್ಯಯನಗಳೆಲ್ಲ ಇದಕ್ಕೆ ಒಂದೇ ದನಿಯಲ್ಲಿ ಹೂಂಗುಟ್ಟಿಲ್ಲ. ಆದರೂ ಚಿಕಿತ್ಸೆಯಲ್ಲಿ ಪರೀಕ್ಷಿಸಿ ನೋಡಬಹುದಾದ ಮಾತಿದು. "ಜಾತ್ರೆಗೆ ಬರ್ತೀಯೇನೋ" ಎಂದು ಕೇಳಿದಾಗ ಬಂದ "ಬೇಡ"ವನ್ನಷ್ಟೇ ಬರೆದುಕೊಂಡರೆ ದಾಖಲೆ ಅರ್ಧ. ಹೋಗಿ ಬಂದ ಸಂಜೆ ಹೇಗನ್ನಿಸಿತೆಂದು ಕೇಳಿ ಅದನ್ನೂ ಪಕ್ಕದಲ್ಲಿ ಬರೆಯಬೇಕು.