ಡಬ್ಬಾ, ಲಂಚ್ ಹೋಮ್, ಸಾಲ್ಮನ್ ಬೌಲ್

ಹೆಂಡತಿ ತನ್ನ ಅಮ್ಮನನ್ನು ನೋಡಿಕೊಳ್ಳಲು ಕಾಪುವಿಗೆ ಹೋಗಿ ತಿಂಗಳಾಯಿತು. ಕುರ್ಲಾದ ಮನೆಯಲ್ಲಿ ನಾನೊಬ್ಬನೇ. "ಪಪ್ಪಾ, ದಿನಾ ವಡಾಪಾವ್ ಬೇಡ, ಸಾಲ್ಮನ್ ಬೌಲ್ ತರಿಸಿ, ಹಾರ್ಟಿಗೆ ಒಳ್ಳೇದು" ಅಂತ ಪುಣೆಯಿಂದ ಮಗಳ ಆಜ್ಞೆ. ಮೂರು ವಾರದಲ್ಲಿ ನಾಲ್ಕು ಬಗೆ ತರಿಸಿದೆ. ತೆರಿಯಾಕಿ ಬೆಲ್ಲದ ಪಾಕದಂತೆ ಸಿಹಿ. ಕೊರಿಯನ್ನಿನಲ್ಲಿ ಖಾರ ಇದೆ, ನಮಗೆ ಬೇಕಾದ ಹುಳಿ ಇಲ್ಲ. ಹವಾಯಿಯ ಪೋಕೆಯಲ್ಲಿ ಮೀನು ಹಸಿ! ತವಾದ ಮೇಲೆ ಹುರಿದೇ ತಿಂದೆ. ನಾಲ್ಕನೆಯದರ ಮೀನು ಬೆಳ್ಳಗಿತ್ತು. ಕರಾವಳಿಯವನಿಗೆ ಹೇಳಿಕೊಡಬೇಕೆ? ಅದು ರಾವಸ್.

ತಪ್ಪು ಆ ಅಡುಗೆಯವರದು ಮಾತ್ರ ಅಲ್ಲ ಬಿಡಿ. ರಾವಸನ್ನು 'ಇಂಡಿಯನ್ ಸಾಲ್ಮನ್' ಎಂದು ಕರೆಯುವ ರೂಢಿ ಇಂಗ್ಲಿಷರ ಕಾಲದಿಂದಲೂ ಇದೆ. ಎರಡಕ್ಕೂ ಸಂಬಂಧವೇ ಇಲ್ಲ. ಅಸಲಿ ಸಾಲ್ಮನ್ ಹೆಚ್ಚಾಗಿ ನಾರ್ವೆಯಲ್ಲಿ ಸಾಕಿದ್ದು, ಅದರ ಕೇಸರಿ ಬಣ್ಣವೂ ಮೇವಿನಲ್ಲಿ ಹಾಕಿದ್ದು. ಇನ್ನೊಂದು ತಮಾಷೆ ನೋಡಿ. ಹಸಿ ಸಾಲ್ಮನ್ ಅನ್ನದ ಮೇಲಿಟ್ಟು ತಿನ್ನುವುದು ಜಪಾನಿನ ಪುರಾತನ ಪದ್ಧತಿ ಅಂತ ನಾನು ತಿಳಿದಿದ್ದೆ. ಅಲ್ಲ. ಪೆಸಿಫಿಕ್ ಸಾಲ್ಮನ್‌ನಲ್ಲಿ ಹುಳು ಇರುತ್ತದೆಂದು ಜಪಾನೀಯರು ಅದನ್ನು ಉಪ್ಪು ಹಾಕಿ ಸುಟ್ಟೇ ತಿನ್ನುತ್ತಿದ್ದರು. 1980ರ ದಶಕದಲ್ಲಿ ನಾರ್ವೆಯಲ್ಲಿ ಸಾಕಿದ ಮೀನು ಮಾರಾಟವಾಗದೆ ಉಳಿಯತೊಡಗಿತು. ಆಗ ಅಲ್ಲಿನ ಸರಕಾರವೇ 'ಪ್ರಾಜೆಕ್ಟ್ ಜಪಾನ್' ಎಂದು ಹೊರಟು ಹಸಿಯಾಗಿ ತಿನ್ನುವುದನ್ನು ಕಲಿಸಿತು. ಲೋನ್ ಟಾರ್ಗೆಟ್ ಮುಗಿಸಲು ನಾವು ಬಾಗಿಲು ಬಾಗಿಲು ಅಲೆದ ಹಾಗೆಯೇ!

ಆದರೆ ಮೀನು-ಅನ್ನ ತಂದುಕೊಡುವ ಕಸುಬು ಮುಂಬೈಗೆ ಹೊಸತೇ? 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಸುಮಾರು ನೂರು ಜನರನ್ನು ಕಟ್ಟಿಕೊಂಡು ಡಬ್ಬಾವಾಲಾ ಕೆಲಸ ಶುರುಮಾಡಿದರು ಅನ್ನುತ್ತಾರೆ. ಒಂದು ಮಾತು ಮಾತ್ರ ಯಾರೂ ಹೇಳುವುದಿಲ್ಲ. ಡಬ್ಬಾ ಬರಬೇಕಾದರೆ ಮನೆ ಇರಬೇಕು, ಮನೆಯಲ್ಲಿ ಬೇಯಿಸುವವರು ಇರಬೇಕು. ಒಂದು ರೂಮಿನಲ್ಲಿ ಹತ್ತು ಮಂದಿ ಮಲಗುತ್ತಿದ್ದ ನಮ್ಮ ಊರಿನ ಹುಡುಗರಿಗೆ ಯಾವ ಡಬ್ಬಾ? ಅವರಿಗಾಗಿ ಖಾನಾವಳಿಗಳು, ಲಂಚ್ ಹೋಮ್‌ಗಳು ಬಂದವು. ಊಟದ ಮನೆಗೆ 'ಹೋಮ್' ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು, ಅದು ಸಸ್ಯಾಹಾರ. ಫೋರ್ಟಿನ ಬ್ಯಾಂಕುಗಳ ನಡುವೆ 1970ರ ದಶಕದಲ್ಲಿ ಮಹೇಶ್ ಲಂಚ್ ಹೋಮ್ ಬಂತು. ನಾವು ಹೊಸದಾಗಿ ಕೆಲಸಕ್ಕೆ ಸೇರಿದವರು ಸಂಬಳದ ದಿನ ಅಂಥಲ್ಲಿಗೆ ಓಡುತ್ತಿದ್ದೆವು. ಸಂಘಗಳು ಇನ್ನೂ ಹಳೆಯವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ. ಬಂಟರ ಭವನ ನಮ್ಮ ಕುರ್ಲಾ ಪೂರ್ವದಲ್ಲೇ ಇದೆ. ಇಲ್ಲಿಂದಲೇ ಮಂಗಳೂರಿಗೆ ಹೊರಡುವ ರೈಲಿನ ಹೆಸರು ಗೊತ್ತಲ್ಲ, ಮತ್ಸ್ಯಗಂಧ!

ಅಪ್ಪ 1950ರ ದಶಕದ ಕೊನೆಯಲ್ಲಿ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ ಕನ್ನಡ ಶಾಲೆ. ಹುಡುಗರ ಊಟ ಗಿರಾಕಿಗಳೆಲ್ಲ ಎದ್ದ ಮೇಲೆ. "ಸಾರಿನಲ್ಲಿ ಮೀನಿನ ವಾಸನೆ ಇರುತ್ತಿತ್ತು, ಮೀನು ಇರುತ್ತಿರಲಿಲ್ಲ" ಅನ್ನುತ್ತಿದ್ದರು, ನಗುತ್ತಲೇ.

ಮೊನ್ನೆ ಬ್ಯಾಂಕಿನವನ ಚಾಳಿಯಂತೆ ನಾಲ್ಕು ಬಿಲ್ಲುಗಳನ್ನು ತಾಳೆ ಹಾಕಿದೆ. ಹೆಸರು ನಾಲ್ಕು, ಆದರೆ ಮೂರರಲ್ಲಿ ಆಹಾರ ಲೈಸೆನ್ಸ್ ನಂಬರ್ ಒಂದೇ, ವಿಳಾಸವೂ ಒಂದೇ! ಭಾನುವಾರ ಹುಡುಕಿಕೊಂಡು ಹೋದೆ. ಕುರ್ಲಾ ಪಶ್ಚಿಮದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಗಾಲಾ, ಅರ್ಧ ಇಳಿಸಿದ ಶಟರ್, ಬೋರ್ಡಿಲ್ಲ, ಕುರ್ಚಿಯೂ ಇಲ್ಲ. ಸಂಜೆ ನಾಲ್ಕು ಗಂಟೆ. ಐದಾರು ಹುಡುಗರು ಕ್ರೇಟುಗಳನ್ನು ಬೋರಲು ಹಾಕಿ ಕೂತು ಅನ್ನ-ದಾಲ್ ಉಣ್ಣುತ್ತಿದ್ದರು. ಒಬ್ಬ ಅಸ್ಸಾಮಿನವನಂತೆ, ಇಪ್ಪತ್ತು ಇರಬಹುದು.

ಜಗಳ ಮಾಡಬೇಕೆಂದೇ ಹೋಗಿದ್ದೆ. "ಸಾಲ್ಮನ್ ಹೇಗಿರುತ್ತದಪ್ಪಾ?" ಅಂದೆ.

"ದಿನಾ ಕತ್ತರಿಸುತ್ತೇನೆ ಅಂಕಲ್, ತಿಂದಿಲ್ಲ" ಅಂದ. ಆಮೇಲೆ ತಟ್ಟೆ ಸರಿಸಿ, "ಕೂತ್ಕೊಳ್ಳಿ, ದಾಲ್ ಇದೆ" ಅಂದ.

ಕ್ರೇಟಿನ ಮೇಲೆ ಕೂತೆ.