ಕೊರಳಿಗೆ ಹನ್ನೆರಡರಲ್ಲೊಂದು

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಹೋದ ದೀಪಾವಳಿಗೆ ಬಾಗಲಕೋಟೆಯಿಂದ ತಮ್ಮ ಅವಳ ಟ್ರಂಕನ್ನು ಪುಣೆಗೆ ತಂದುಕೊಟ್ಟ. ಒಳಗೆ ಕತ್ತರಿ, ಮಾಸಿದ ಟೇಪು, ಗುಂಡಿಗಳ ಡಬ್ಬಿ, ಜೊತೆಗೆ ಹಳೆಯ ಸಂಯುಕ್ತ ಕರ್ನಾಟಕದ ಹಾಳೆಗಳಲ್ಲಿ ಕತ್ತರಿಸಿಟ್ಟ ಮಕ್ಕಳ ಬಟ್ಟೆಯ ಮಾದರಿಗಳು. ತಮ್ಮನ ಮಗಳಿಗೆ ಆರು ತುಂಬುವುದರಲ್ಲಿತ್ತು. ಅವಳಿಗೊಂದು ಫ್ರಾಕು ನಾನೇ ಹೊಲಿಯೋಣ ಎಂದುಕೊಂಡೆ.

ಹಾಳೆಗಳನ್ನು ನೆಲದ ಮೇಲೆ ಹರಡಿದರೆ ಕೊರಳಿನ ಆಕಾರಗಳಿವೆ, ತೋಳುಗಳಿವೆ. ಮುಂಭಾಗ, ಹಿಂಭಾಗ, ಕೆಳಗಿನ ಘೇರು ಒಂದೂ ಇಲ್ಲ. ಕೆಲಸ ಬಿಟ್ಟು ಹೋದವರ ಅರೆಬರೆ ದಾಖಲೆ ಇಟ್ಟುಕೊಂಡು ಪ್ರಾಜೆಕ್ಟು ಮುಗಿಸುವುದು ನನಗೆ ಹೊಸದಲ್ಲ. ಆದರೆ ಇದು ಬಗೆಹರಿಯಲಿಲ್ಲ.

ನಮ್ಮ ಕೊಥ್ರೂಡಿನ ಕಟ್ಟಡದಲ್ಲಿ ಬಹಳ ವರ್ಷ ಹೊಲಿಗೆ ಕ್ಲಾಸು ನಡೆಸಿದ ಕಾಕೂ ಒಬ್ಬರಿದ್ದಾರೆ. ಅವರಿಗೆ ತೋರಿಸಿದೆ. "ಏನೂ ಕಳೆದಿಲ್ಲ, ಇಷ್ಟೇ ಇರೋದು" ಎಂದು ನಕ್ಕರು. "ಮಗುವಿನ ಎದೆ ಸುತ್ತಳತೆ ಎಷ್ಟು?" ಇಪ್ಪತ್ನಾಲ್ಕು ಇಂಚು ಎಂದೆ. ಬಟ್ಟೆಯನ್ನು ನಾಲ್ಕು ಪದರವಾಗಿ ಮಡಿಸಿದರು. ಅಗಲಕ್ಕೆ ಎದೆಯ ಕಾಲುಭಾಗ, ಅಂದರೆ 6 ಇಂಚು, ಉಸಿರಾಡಲು ಇನ್ನೊಂದು ಇಂಚು. ಕೊರಳಿನ ಅಗಲಕ್ಕೆ ಹನ್ನೆರಡರಲ್ಲೊಂದು, 2 ಇಂಚು. ಸೀಮೆಸುಣ್ಣದ ನಾಲ್ಕು ಗೆರೆಯಲ್ಲಿ ಫ್ರಾಕಿನ ಮೈ ಸಿದ್ಧ. ನೇರ ಗೆರೆಗೆ ಲೆಕ್ಕ ಸಾಕು. ಬಾಗಿದ ಗೆರೆಗೆ ಮಾತ್ರ ಕೈ ಪಳಗಿರಬೇಕು. ಅವ್ವ ಕಾಗದದಲ್ಲಿ ಕಾಪಿಟ್ಟದ್ದು ಆ ಬಾಗುಗಳನ್ನಷ್ಟೇ.

ಅಳತೆಗಳನ್ನು ಕಾಗದದಲ್ಲೇ ಕತ್ತರಿಸಿ ಮಾರುವ ವ್ಯಾಪಾರದ ಕಥೆ ಬೇರೆ. 1863ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ದರ್ಜಿ ಎಬೆನೆಜರ್ ಬಟರಿಕ್ ಬೇರೆ ಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾರತೊಡಗಿದ. ಮಗುವಿಗೆ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಎಲೆನ್, ಇದೇ ಅಳತೆಯ ಮಾದರಿ ಸಿಕ್ಕರೆ ಎಷ್ಟು ಸುಲಭ ಎಂದದ್ದೇ ಅದಕ್ಕೆ ಮೂಲ ಎನ್ನುತ್ತಾರೆ. 1851ರಲ್ಲಿ ಪೇಟೆಂಟ್ ಪಡೆದ ಸಿಂಗರ್ ಹೊಲಿಗೆ ಯಂತ್ರದ ಬಗ್ಗೆಯೂ ಇಂಥದೇ ಮಾತಿದೆ. ಯಂತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂದರು. ಎರಡು ಕಥೆಯಲ್ಲೂ ಹೊಲಿಯುತ್ತಿದ್ದವಳು ಹೆಂಡತಿ, ಹೆಸರು ಉಳಿದದ್ದು ಗಂಡನದು.

ನಮ್ಮ ಕಡೆ ಕೂಸಿನ ಬಟ್ಟೆಗೆ ಕಾಗದವೇ ಬೇಕಿರಲಿಲ್ಲ. ಗುಳೇದಗುಡ್ಡದ ಖಣವನ್ನು ಮಡಿಸಿ, ತಲೆಯ ಮೇಲೆ ಒಂದು ಹೊಲಿಗೆ ಹಾಕಿ, ಬೆನ್ನಿಗೆ ಇಳಿಬಿಟ್ಟರೆ ಕುಂಚಿಗೆ. ಅದನ್ನೇ ಇಲ್ಲಿ ಕುಂಚಿ ಎನ್ನುತ್ತಾರೆ. ಗಡಿಯ ಎರಡೂ ಬದಿಯ ತಾಯಂದಿರು ಒಂದೇ ಬಟ್ಟೆಯನ್ನು ಹೆಚ್ಚುಕಡಿಮೆ ಒಂದೇ ಹೆಸರಿನಿಂದ ಕರೆದಿದ್ದಾರೆ. ಫ್ರಾಕು, ಚಡ್ಡಿ ಬಂದಮೇಲೆ ಎದೆ ಸುತ್ತಳತೆಯ ಭಿನ್ನರಾಶಿಗಳು ಬಂದವು. ಮುಂಬಯಿಯ ಝಾರಾಪ್ಕರ್ ಅವರಂಥವರ ಪುಸ್ತಕಗಳು ಈ ಲೆಕ್ಕವನ್ನು ಹೊಲಿಗೆ ಕ್ಲಾಸುಗಳಿಗೆ ತಲುಪಿಸಿದವು.

ಪುಣೆಯಲ್ಲಿ ಹೆಂಗಸರ ಹೊಲಿಗೆಗೆ ಇನ್ನೊಂದು ಅರ್ಥವೂ ಇತ್ತು. ಇಂದಿನ ಕರ್ನಾಟಕದ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ವಿಧವೆಯರಿಗಾಗಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವನ್ನು 1890ರಲ್ಲಿ ಪುಣೆಗೆ ತಂದರು. ನ್ಯಾಯಮೂರ್ತಿ ರಾನಡೆಯವರ ಪತ್ನಿ ರಮಾಬಾಯಿ ರಾನಡೆ 1909ರಲ್ಲಿ ಇಲ್ಲಿನ ಸೇವಾ ಸದನವನ್ನು ಶುರುಮಾಡಿದರು. ಓದು, ಶುಶ್ರೂಷೆ, ಶಿಕ್ಷಕಿ ತರಬೇತಿಯ ಜೊತೆಗೆ ಹೊಲಿಗೆಯನ್ನೂ ಕಲಿಸಿದರು. ಬಿಡುವಿನ ಹೊತ್ತಿನ ಕಸೂತಿಯಾಗಿ ಅಲ್ಲ, ಇನ್ನೊಬ್ಬರ ಮುಂದೆ ಕೈಚಾಚದೆ ಬದುಕುವ ದಾರಿಯಾಗಿ.

ಅವ್ವ ಅಂಥ ಯಾವ ಸಂಸ್ಥೆಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಓಣಿಯ ಇನ್ನೊಬ್ಬಳಿಂದ ಕಲಿತಳು. ಅಪ್ಪನ ಪಗಾರ ತಿಂಗಳ ಇಪ್ಪತ್ತನೇ ತಾರೀಖಿಗೆ ಮುಗಿಯುತ್ತಿತ್ತು. ಆಮೇಲಿನ ಹತ್ತು ದಿನ ನಡೆಯುತ್ತಿದ್ದದ್ದು ಓಣಿಯ ಮಕ್ಕಳ ಫ್ರಾಕು, ಅಂಗಿ, ಶಾಲೆಯ ಚಡ್ಡಿಗಳಿಂದ. ನನ್ನ ಇಂಜಿನಿಯರಿಂಗ್ ಫೀಯ ಒಂದು ಪಾಲೂ ಅದರಿಂದಲೇ ಬಂದದ್ದು. ರಾತ್ರಿ ಉಷಾ ಮಷೀನಿನ ಸದ್ದಿನಲ್ಲೇ ನಾನು ಓದುತ್ತಿದ್ದೆ. ಆದರೂ ಪ್ರತಿ ಅರ್ಜಿಯಲ್ಲಿ "ತಾಯಿಯ ಉದ್ಯೋಗ" ಎಂಬಲ್ಲಿ ನಾನು ಬರೆದದ್ದು ಗೃಹಿಣಿ ಎಂದು. ಎಂಟೆಕ್ ಅರ್ಜಿಯಲ್ಲೂ ಅದನ್ನೇ ಬರೆದೆ. ಹಾಗೆ ಬರೆಯುವುದೇ ಮರ್ಯಾದೆ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದೆವು, ಅವ್ವನೂ ಸೇರಿ. ಮನೆಹೊಲಿಗೆಯ ಚರಿತ್ರೆ ಯಾಕೆ ಸಿಗುವುದಿಲ್ಲ ಎಂದು ಈಗ ಹುಡುಕುವ ನಾನು, ಅದನ್ನು ಅಳಿಸಿದವರಲ್ಲಿ ಒಬ್ಬ.

ಟ್ರಂಕಿನ ತಳದಲ್ಲಿ ನನ್ನ ಮಗಳಿಗೆ ಅವ್ವ ಹೊಲಿದ ಫ್ರಾಕೂ ಒಂದಿತ್ತು. ಅಂಗಡಿಯಲ್ಲಿ ಬಟ್ಟೆಗೆ ಒಂದು ವಯಸ್ಸಿನ ಚೀಟಿ ಇರುತ್ತದೆ. ವಯಸ್ಸು ದಾಟಿದರೆ ಬಟ್ಟೆಯ ಕೆಲಸ ಮುಗಿಯಿತು. ಅವ್ವ ಕೆಳಗೆ ಮೂರು ಮಡಿಕೆ ಒಳಗೆ ಸೇರಿಸಿ ಹೊಲಿಯುತ್ತಿದ್ದಳು. ಕೂಸು ಬೆಳೆದಂತೆ ವರ್ಷಕ್ಕೊಂದು ಬಿಚ್ಚಬೇಕು. ಈ ಫ್ರಾಕಿನಲ್ಲಿ ಎರಡು ಬಿಚ್ಚಿದ ಗುರುತಿದೆ, ಬಣ್ಣ ಮಾಸದ ಎರಡು ಪಟ್ಟಿ. ಮೂರನೆಯದು ಹಾಗೇ ಇದೆ. ಆ ಹೊತ್ತಿಗೆ ನಾವು ಮಾಲ್‌ಗಳಲ್ಲಿ ಬಟ್ಟೆ ಕೊಳ್ಳಲು ಶುರುಮಾಡಿದ್ದೆವು.

ತಮ್ಮನ ಮಗಳ ಫ್ರಾಕು ಮುಗಿಯಲು ನಾಲ್ಕು ಭಾನುವಾರ ಹಿಡಿಯಿತು. ಕೊರಳು ಅವ್ವನ ಕಾಗದದ್ದು, ಉಳಿದದ್ದು ಲೆಕ್ಕದ್ದು. ತೋಳು ಸ್ವಲ್ಪ ಸೊಟ್ಟಗಾಗಿದೆ. ಕೆಳಗೆ ಮೂರು ಮಡಿಕೆ ಇಟ್ಟಿದ್ದೇನೆ. ಬಿಚ್ಚುವುದು ಹೇಗೆಂದು ತಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಗೊತ್ತೈತಿ ಬಿಡಪಾ, ಅವ್ವ ಬಿಚ್ಚೂದು ನಾ ನೋಡಿಲ್ಲೇನು" ಅಂದ.