ಒಂದೇ ಯಕೃತ್ತು, ದೆಹಲಿಯ ಎರಡು ಕಾಲ

ಯಕೃತ್ತಿನಲ್ಲಿ ಕೊಬ್ಬು ತುಂಬುವುದು ಉಂಡುಟ್ಟು ಸುಖವಾಗಿರುವವರ ಕಾಯಿಲೆ ಎಂದು ಈಗ ಎಲ್ಲರೂ ನಂಬಿದ್ದಾರೆ. ದೆಹಲಿಯಲ್ಲಿ ಜೀವರಸಾಯನ ಕಲಿಸುತ್ತಲೇ ತಲೆ ನರೆತ ನನಗೆ ಈ ಊರಿನ ಇನ್ನೊಂದು ಚರಿತ್ರೆಯೂ ಗೊತ್ತು. ಅದು ಶುರುವಾಗುವುದು ಹಸಿವಿನಿಂದ.

ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ 1956ರಲ್ಲಿ ಹುಟ್ಟಿತು. ಅಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿ. ರಾಮಲಿಂಗಸ್ವಾಮಿ, ಪ್ರೋಟೀನ್ ಸಿಗದ ಮಕ್ಕಳ ಕಾಯಿಲೆಯನ್ನು ಅರಿಯಲು ಕೋತಿಗಳಿಗೆ ಪ್ರೋಟೀನ್ ಕಡಿಮೆ ಇರುವ ಆಹಾರ ಕೊಟ್ಟು ನೋಡಿದರು. ಅವುಗಳ ಯಕೃತ್ತಿನಲ್ಲಿ ಕೊಬ್ಬು ಸೇರಿತು. ಯಕೃತ್ತಿನ ಜೀವಕೋಶ ಕೊಬ್ಬನ್ನು ಅಪೋ-ಬಿ ಎಂಬ ಪ್ರೋಟೀನಿನೊಂದಿಗೆ ಕಟ್ಟಿ, ವಿಎಲ್‌ಡಿಎಲ್ ಎಂಬ ಲಿಪೋಪ್ರೋಟೀನ್ ಕಣವಾಗಿ ರಕ್ತಕ್ಕೆ ಕಳಿಸುತ್ತದೆ. ಪ್ರೋಟೀನ್ ಇಲ್ಲದಿದ್ದರೆ ಸುಗ್ಗಿಯ ಕಣದಲ್ಲಿ ರಾಶಿ ಬಿದ್ದ ರಾಗಿಗೆ ಚೀಲವಿಲ್ಲದ ಹಾಗೆ.

ಟೊರಾಂಟೊದಲ್ಲಿ ಇದರ ಇನ್ನೊಂದು ಮುಖ ಮೊದಲೇ ಕಂಡಿತ್ತು. 1921ರಲ್ಲಿ ಇನ್ಸುಲಿನ್ ಸಿಕ್ಕ ಮೇಲೆ, ಮೇದೋಜೀರಕ ತೆಗೆದ ನಾಯಿಗಳನ್ನು ಅದರಿಂದಲೇ ಬದುಕಿಸಿದರು. ಆದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅವು ಸಾಯುತ್ತಿದ್ದವು. ಅವನ್ನು ಉಳಿಸುವುದು ಲೆಸಿಥಿನ್‌ನಲ್ಲಿರುವ ಕೋಲಿನ್ ಎಂದು ಚಾರ್ಲ್ಸ್ ಬೆಸ್ಟ್ ತಂಡ 1932ರಲ್ಲಿ ತೋರಿಸಿತು. ಲಿಪೋಪ್ರೋಟೀನ್ ಕಣದ ಹೊರಪದರಕ್ಕೆ ಕೋಲಿನ್ ಬೇಕು.

ಈಗಿನ ದೆಹಲಿಯಲ್ಲಿ ಕೆಡುವುದು ಹಾರ್ಮೋನಿನ ಆಜ್ಞೆ. ಊಟವಾದೊಡನೆ ಇನ್ಸುಲಿನ್ ಯಕೃತ್ತಿಗೆ ಸಕ್ಕರೆ ಬಿಡಬೇಡ, ವಿಎಲ್‌ಡಿಎಲ್ ಕಡಿಮೆ ಕಳಿಸು, ಹೆಚ್ಚಿದ್ದನ್ನು ಕೊಬ್ಬಾಗಿ ಕಟ್ಟು ಎನ್ನುತ್ತದೆ. ಇನ್ಸುಲಿನ್ ಪ್ರತಿರೋಧ ಬಂದಾಗ ಮೊದಲಿನ ಎರಡು ಮಾತು ನಡೆಯುವುದಿಲ್ಲ, ಮೂರನೆಯದು ನಡೆಯುತ್ತಲೇ ಇರುತ್ತದೆ. ಮೈಕೊಬ್ಬು ಕೂಡ ಕೊಬ್ಬಿನಾಮ್ಲವನ್ನು ತಡೆಯಿಲ್ಲದೆ ಯಕೃತ್ತಿಗೆ ಸುರಿಯುತ್ತದೆ. ಯಕೃತ್ತು ತುಂಬುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ.

ಈ ಎರಡು ಕಾಲಗಳನ್ನು ಜೋಡಿಸಿದ್ದು ದಕ್ಷಿಣ ದೆಹಲಿಯ ಮಕ್ಕಳು. 1969ರಲ್ಲಿ ಸಂಶೋಧಕರು ಅಲ್ಲಿನ 12 ಚದರ ಕಿಲೋಮೀಟರ್ ಪ್ರದೇಶದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಿವಾಹಿತ ಮಹಿಳೆಯರನ್ನು ಗುರುತಿಸಿದರು. ಅಲ್ಲಿ ಹುಟ್ಟಿದ ಎಂಟು ಸಾವಿರ ಮಕ್ಕಳ ತೂಕ, ಎತ್ತರವನ್ನು ವರ್ಷಗಟ್ಟಲೆ ಬರೆದಿಟ್ಟರು. ಅವರಲ್ಲಿ 1492 ಮಂದಿಯನ್ನು 26ರಿಂದ 32ರ ವಯಸ್ಸಿನಲ್ಲಿ ಪರೀಕ್ಷಿಸಿದ ಫಲವನ್ನು ಸಂತೋಷ್ ಭಾರ್ಗವ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಎರಡು ವರ್ಷಕ್ಕೆ ತೆಳ್ಳಗಿದ್ದು, ಹನ್ನೆರಡರ ಹೊತ್ತಿಗೆ ಓರಗೆಯವರಿಗಿಂತ ಬೇಗ ಮೈ ತುಂಬಿಕೊಂಡವರಲ್ಲೇ ರಕ್ತದ ಸಕ್ಕರೆ ಹೆಚ್ಚು ಏರುಪೇರಾಗಿತ್ತು. ಅವರಲ್ಲಿ ಹೆಚ್ಚಿನವರು ನೋಡಲು ದಪ್ಪನೆಯ ಮಕ್ಕಳೇನೂ ಆಗಿರಲಿಲ್ಲ. ಆ ಅಧ್ಯಯನ ಅಳೆದದ್ದು ಸಕ್ಕರೆ ನಿಜ, ಆದರೆ ಇನ್ಸುಲಿನ್ ಮಾತು ನಡೆಯದ ಮೈಯಲ್ಲಿ ಯಕೃತ್ತೂ ಕ್ಷೇಮವಾಗಿರುವುದಿಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ಈ ಕೊಬ್ಬುಯಕೃತ್ತನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಒಳ್ಳೆಯದಾಯಿತು. ಆದರೆ ಕರ್ನಾಟಕ ಸಂಘದಲ್ಲಿ ಸಿಗುವ ಐವತ್ತು ದಾಟಿದವರು ‘ಫ್ಯಾಟಿ ಲಿವರ್’ ಎಂಬ ರಿಪೋರ್ಟನ್ನು ನನ್ನ ಮುಂದೆ ಹಿಡಿಯುವಾಗ ಅಪರಾಧಿಗಳಂತೆ ತಲೆ ತಗ್ಗಿಸುತ್ತಾರೆ. ಅದು ಬರೀ ಅವರ ತಟ್ಟೆಯ ತಪ್ಪಲ್ಲ ಎಂದು ನಾನು ಹೇಳುತ್ತೇನೆ. ನಡಿಗೆ, ಮಿತವಾದ ಊಟ ಅವರಿಗೆ ಬೇಕೇ ಬೇಕು. ಮೊಮ್ಮಕ್ಕಳಿಗೆ ಬೇಕಾದದ್ದು ಬಸಿರಿನಲ್ಲಿ ತಾಯಿಗೆ ಒಳ್ಳೆಯ ಊಟ, ಮೊದಲ ಎರಡು ವರ್ಷ ಸರಿಯಾದ ಪೋಷಣೆ, ಆಮೇಲೆ ಮೈಯುಬ್ಬದಂತೆ ಎಚ್ಚರ. ಅಂಗನವಾಡಿಯ ತೂಕದ ಪಟ್ಟಿಯನ್ನು ಜೋಪಾನವಾಗಿಡಿ. ನಲವತ್ತು ವರ್ಷದ ನಂತರ ಆ ಮಗುವಿನ ಯಕೃತ್ತನ್ನು ನೋಡುವ ವೈದ್ಯರಿಗೆ ಅದು ಬೇಕಾಗುತ್ತದೆ.